ಅಪ್‌ಡೇಟ್: ಜಿಪಿಯುನಿಂದ ಹಿಂತಿರುಗದ ಪುಟದ ಸಮಸ್ಯೆ ಬಗೆಹರಿಯಿತು

ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಮೆಮೊರಿಗೆ ಸಾಗಿಸಿದ ಪುಟವನ್ನು, ಅಂದರೆ ಮೆಮೊರಿಯ ಒಂದು ತುಣುಕನ್ನು, ಸಿಪಿಯು ಮುಟ್ಟಿದೊಡನೆ ಪ್ರೋಗ್ರಾಂ ಅಲ್ಲಿಯೇ ಸಿಕ್ಕಿಕೊಂಡು, ಒಂದು ಕೋರ್ ಶೇ 100ರಷ್ಟು ಓಡುವುದೇಕೆ ಎಂದು ಕಳೆದ ವಾರ ಕೇಳಿದ್ದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು 5.15ರಿಂದ 6.1ಕ್ಕೆ ಏರಿಸಿದ ಮೇಲೆ ಶುರುವಾದ ತೊಂದರೆಯಿದು. ರಾಯಚೂರಿನ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಫ್ಯಾನಿನ ಕೂಗು ಪಕ್ಕದ ಕೋಣೆಯವರಿಗೂ ಕೇಳಿಸುತ್ತಿತ್ತು.

ಕಾರಣ ಸಿಕ್ಕಿದೆ. ಹೀಗೆ ಜಿಪಿಯು ಮೆಮೊರಿಯಲ್ಲಿರುವ 'ಡಿವೈಸ್ ಪ್ರೈವೇಟ್' ಪುಟವನ್ನು ಸಿಪಿಯು ನೇರವಾಗಿ ಓದಲಾರದ ಕಾರಣ ಪೇಜ್ ಫಾಲ್ಟ್ (ಪುಟ ಕೈಗೆ ಸಿಗದೆ ಕರ್ನಲ್‌ನ ನೆರವು ಬೇಕಾಗುವ ಸ್ಥಿತಿ) ಉಂಟಾಗಿ, ಜಿಪಿಯುವನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ 'ಮೈಗ್ರೇಟ್ ಟು ರ್‍ಯಾಮ್' ಕಾಲ್‌ಬ್ಯಾಕ್‌ಗೆ ಕರೆ ಬರುತ್ತದೆ; ಪುಟವನ್ನು ಮುಖ್ಯ ಮೆಮೊರಿಗೆ ಮರಳಿ ತರುವ ಫಂಕ್ಷನ್ ಅದು. ಪುಟವು ನಡುವೆ ಮಾಯವಾಗದಿರಲೆಂದು ಹೊಸ ಕರ್ನಲ್ ಆ ಕರೆಗೆ ಮೊದಲೇ ಅದರ ಮೇಲೆ ಒಂದು ಹೆಚ್ಚುವರಿ ರೆಫರೆನ್ಸ್ (ಪುಟ ಬಳಕೆಯಲ್ಲಿದೆ ಎಂಬ ಲೆಕ್ಕ) ಹಿಡಿಯುತ್ತದೆ. ಆ ಪುಟ ಯಾವುದೆಂದು ನಾವು 'ಫಾಲ್ಟ್ ಪೇಜ್' ಎಂಬ ಫೀಲ್ಡಿನಲ್ಲಿ ತಿಳಿಸದಿದ್ದರೆ, ಬೇರೆ ಯಾರೋ ಅದನ್ನು ಪಿನ್ ಮಾಡಿದ್ದಾರೆಂದು (ಕದಲದಂತೆ ಹಿಡಿದಿದ್ದಾರೆಂದು) ಭಾವಿಸಿ ಕರ್ನಲ್ ವರ್ಗಾವಣೆಯನ್ನೇ ಕೈಬಿಡುತ್ತದೆ. ನನ್ನ ಡ್ರೈವರ್ ಕೋಡ್ ಅದನ್ನು ಗಮನಿಸದೆ 0 (ಎಲ್ಲ ಸರಿ ಎಂಬ ಸೂಚನೆ) ಹಿಂದಿರುಗಿಸುತ್ತಿದ್ದುದರಿಂದ ಅದೇ ಫಾಲ್ಟ್ ಮತ್ತೆ ಮತ್ತೆ ಮರುಕಳಿಸುತ್ತಿತ್ತು.

ಆ ಫೀಲ್ಡನ್ನು ತುಂಬುವ ಒಂದೇ ಸಾಲು ಸೇರಿಸಿದೆ, ಸರಿಹೋಯಿತು. ಪುಟ ಸಾಗದಿದ್ದಾಗ ಈಗ ಸಿಗ್‌ಬಸ್ ದೋಷವನ್ನೂ (ಪ್ರೋಗ್ರಾಂ ಅನ್ನು ನಿಲ್ಲಿಸುವ ಸಂಕೇತ) ಹಿಂದಿರುಗಿಸುತ್ತಿದ್ದೇನೆ. ಅದನ್ನು ಮೊದಲೇ ಮಾಡಿದ್ದರೆ ಪ್ರೋಗ್ರಾಂ ಸುಮ್ಮನೆ ಸುತ್ತುವ ಬದಲು ಅಲ್ಲಿಯೇ ಸತ್ತು, ಮೂರು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.