ಅಮ್ಮನಿಗೆ ಮಾಡಿದ ಕೀ ಹಿಡಿಕೆ: ಮೇಕರ್‌ಸ್ಪೇಸ್‌ನಲ್ಲಿ ನೂರು ಮಾಡಬಹುದಾ?

ಪ್ರಶ್ನೆ:
ಅಮ್ಮನಿಗೆ ಬೆರಳಿನ ಗಂಟುಗಳಲ್ಲಿ ನೋವು. ಬೀಗದ ಕೀ ಹಿಡಿದು ತಿರುಗಿಸುವುದೇ ಕಷ್ಟ. ಕೀ ತಲೆಗೆ ಸಿಕ್ಕಿಸುವ ಹಾಗೆ ಮರದಲ್ಲಿ ದಪ್ಪ ಹಿಡಿಕೆಯೊಂದನ್ನು ಕೆತ್ತಿಕೊಟ್ಟೆ. ಈಗ ಅವರೇ ಬಾಗಿಲು ತೆರೆಯುತ್ತಾರೆ. ನೋಡಿದ ಐದಾರು ಜನ ತಮಗೂ ಬೇಕು ಅಂದರು. ಕೈಯಲ್ಲಿ ಕೆತ್ತಿದರೆ ಒಂದಕ್ಕೆ ಎರಡು ಸಂಜೆ ಹೋಗುತ್ತದೆ. ಒಂದು ತ್ರೀಡಿ ಪ್ರಿಂಟರ್ ಕೊಳ್ಳಲೇ, ಇಲ್ಲ ಯಂತ್ರಗಳನ್ನು ಸದಸ್ಯರೆಲ್ಲ ಹಂಚಿಕೊಂಡು ಬಳಸುವ ಮೇಕರ್‌ಸ್ಪೇಸ್ ಸೇರಲೇ? ಯಂತ್ರಗಳ ಗಂಧಗಾಳಿ ನನಗಿಲ್ಲ.

ಉತ್ತರ 1:
ಈಗಲೇ ಪ್ರಿಂಟರ್ ಕೊಳ್ಳಬೇಡಿ. ನಾನು ಆರು ವರ್ಷದಿಂದ ಒಂದು ಮೇಕರ್‌ಸ್ಪೇಸ್‌ನಲ್ಲಿ ವಾರಕ್ಕೆ ಎರಡು ಸಂಜೆ ಹೊಸಬರಿಗೆ ಕಲಿಸುತ್ತಿದ್ದೇನೆ. ಬಂದವರೆಲ್ಲ ಮೊದಲು ಪ್ರಿಂಟರ್ ಮುಂದೆಯೇ ನಿಲ್ಲುತ್ತಾರೆ. ಆದರೆ ನಿಮ್ಮ ಹಿಡಿಕೆಗೆ ಲೇಸರ್ ಕಟ್ಟರ್ ಸಾಕು. ಪ್ಲೈವುಡ್ಡನ್ನು ಪದರ ಪದರವಾಗಿ ಕತ್ತರಿಸಿ. ನಡುವಿನ ಪದರ ಕೀಯಷ್ಟೇ ದಪ್ಪ ಇರಲಿ, ಅದರಲ್ಲಿ ಕೀ ತಲೆಯ ಆಕಾರದ ಕಿಂಡಿ ಬರಲಿ. ಎರಡೂ ಕಡೆ ಬೇರೆ ಪದರ ಇಟ್ಟು ಎರಡು ಸಣ್ಣ ಬೋಲ್ಟ್ ಬಿಗಿದರೆ ಮುಗಿಯಿತು. ಪ್ರಿಂಟರ್ ಗಂಟೆಗಟ್ಟಲೆ ತೆಗೆದುಕೊಳ್ಳುವ ಕೆಲಸ ಇಲ್ಲಿ ಕೆಲವೇ ನಿಮಿಷದ್ದು.

ಒಂದು ಸೂಕ್ಷ್ಮ ಇದೆ. ಲೇಸರ್ ಹೋದ ಗೆರೆಯಲ್ಲಿ 0.1ರಿಂದ 0.2 ಮಿ.ಮೀ. ಮರ ಸುಟ್ಟುಹೋಗುತ್ತದೆ. ನೀವು ಬರೆದದ್ದಕ್ಕಿಂತ ಕಿಂಡಿ ಕೊಂಚ ದೊಡ್ಡದಾಗಿ ಕೀ ಅಲ್ಲಾಡುತ್ತದೆ. ಅದಕ್ಕೇ ಬೇಡದ ತುಂಡಿನ ಮೇಲೆ ಅದೇ ಕಿಂಡಿಯನ್ನು ಐದು ಅಳತೆಯಲ್ಲಿ ಕತ್ತರಿಸಿ. ಒಂದೊಂದರಲ್ಲೂ ಕೀ ತೂರಿಸಿ ನೋಡಿ. ಹೆಬ್ಬೆರಳಿನಿಂದ ಒತ್ತಿದಾಗ ಬಿಗಿಯಾಗಿ ಕೂರುವುದೇ ನಿಮ್ಮ ಅಳತೆ. ಪಿವಿಸಿ ಹಾಳೆಯನ್ನು ಮಾತ್ರ ಲೇಸರ್‌ಗೆ ಇಡಲೇಬೇಡಿ. ಅದರಿಂದ ಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರಕ್ಕೂ ತುಕ್ಕು ಹಿಡಿಸುತ್ತದೆ.

ಅದಕ್ಕೂ ಮುಂಚೆ ಇವತ್ತೇ ರಟ್ಟಿನಲ್ಲಿ ಮೂರು ಆಕಾರ ಕತ್ತರಿಸಿ ಅಮ್ಮನ ಕೈಗೆ ಕೊಡಿ. ಯಾವುದು ಹಿತ ಅಂತ ಅವರೇ ಹೇಳಲಿ.

ಉತ್ತರ 2:
ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಕೂರಿಸುತ್ತದೆ. ಪ್ರಿಂಟ್ ಮಾಡುವುದೇ ಆದರೆ ಆ ಪದರಗಳ ದಿಕ್ಕು ನೋಡಿಕೊಳ್ಳಿ. ನನ್ನದೊಂದು ಹಿಡಿಕೆ ತಿರುಗಿಸಿದಾಗ ಪದರದ ಗೆರೆಯಲ್ಲೇ ಚಟಕ್ಕನೆ ಸೀಳಿತು. ಅದನ್ನು ಮಲಗಿಸಿ ಪ್ರಿಂಟ್ ಮಾಡಬೇಕಿತ್ತು. ಪ್ರಿಂಟರ್‌ಗೆ ಸಾಮಾನ್ಯವಾಗಿ ಹಾಕುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗಬಹುದು. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇನ್ನೂ ಹೆಚ್ಚು ಶಾಖ ತಡೆಯುತ್ತದೆ.

ಉತ್ತರ 3:
ನೂರು ಮಾಡುವ ಮುಂಚೆ ಮೇಕರ್‌ಸ್ಪೇಸ್‌ನವರನ್ನು ಎರಡು ವಿಷಯ ಕೇಳಿ. ಮಾರಾಟದ ಸರಕು ಮಾಡಲು ಬಿಡುತ್ತಾರಾ? ಒಬ್ಬರಿಗೆ ಯಂತ್ರ ಎಷ್ಟು ಹೊತ್ತು ಸಿಗುತ್ತದೆ? ಮೊದಲ ಮಾದರಿಗೆ ಇಂಥ ಜಾಗ ನಿಜಕ್ಕೂ ವರ. ಫೋನಿಗೆ ಸಿಕ್ಕಿಸಿ ಕಾರ್ಡ್‌ನಿಂದ ಹಣ ಪಡೆಯುವ ಸ್ಕ್ವೇರ್ ಕಂಪನಿಯ ಕಾರ್ಡ್ ರೀಡರ್‌ನ ಆರಂಭದ ಮಾದರಿ ತಯಾರಾಗಿದ್ದು ಅಮೆರಿಕದ ಟೆಕ್‌ಶಾಪ್ ಎಂಬ ಮೇಕರ್‌ಸ್ಪೇಸ್‌ನಲ್ಲಿ. ಆದರೆ 2006ರಲ್ಲಿ ಶುರುವಾದ ಅದೇ ಟೆಕ್‌ಶಾಪ್ 2017ರ ನವೆಂಬರ್‌ನಲ್ಲಿ ಏಕಾಏಕಿ ಬಾಗಿಲು ಹಾಕಿತು. ಸದಸ್ಯರ ಕೆಲಸ ಅರ್ಧಕ್ಕೆ ನಿಂತಿತು. ನಿಮ್ಮ ಡಿಸೈನ್ ಫೈಲ್‌ಗಳು ಯಾವತ್ತೂ ನಿಮ್ಮ ಹತ್ತಿರವೇ ಇರಲಿ. ಆರ್ಡರ್ ಜಾಸ್ತಿ ಆದಾಗ ಕತ್ತರಿಸಿ ಕೊಡುವವರನ್ನೂ ಈಗಲೇ ನೋಡಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ರಟ್ಟಿನ ಮೂರೂ ಆಕಾರ ಕೊಟ್ಟೆ. ನಾನು ಚೆಂದ ಅಂದುಕೊಂಡಿದ್ದ ದುಂಡನೆಯದನ್ನು ಅಮ್ಮ ತಕ್ಷಣ ಪಕ್ಕಕ್ಕಿಟ್ಟರು. ಅಂಗೈ ಒರಗಿಸಿ ತಳ್ಳುವಂಥ ಉದ್ದನೆಯದು ಬೇಕಂತೆ. ಬೆರಳು ಮಡಚುವುದೇ ಬೇಡವಂತೆ. ಶನಿವಾರ ಅದೇ ಆಕಾರ ಹಿಡಿದುಕೊಂಡು ಲೇಸರ್ ಕಲಿಯಲು ಹೋಗುತ್ತಿದ್ದೇನೆ.