‘ಗುಡ್ ರಿಡನ್ಸ್’ ಎಂದರೆ ಶುಭವಿದಾಯವೇ?

ಪ್ರಶ್ನೆ: ಅಮೆರಿಕದ ರಾಕ್ ತಂಡ ಗ್ರೀನ್ ಡೇಯ ‘ಗುಡ್ ರಿಡನ್ಸ್ (ಟೈಮ್ ಆಫ್ ಯುವರ್ ಲೈಫ್)’ ಹಾಡಿನ ಕುರಿತ ಬರಹವನ್ನು ಕನ್ನಡಕ್ಕೆ ತರಬೇಕಿದೆ. ಶೀರ್ಷಿಕೆಗೆ ‘ಶುಭವಿದಾಯ’ ಆದೀತೇ? ಆವರಣದೊಳಗಿನ ಮಾತಿಗೆ ‘ನಿನ್ನ ಬದುಕಿನ ಕಾಲ’ ಎನ್ನಬಹುದೇ?

ಉತ್ತರ: ‘ಶುಭವಿದಾಯ’ ಖಂಡಿತ ಬೇಡ, ಅರ್ಥ ತಿರುಗುಮುರುಗಾಗುತ್ತದೆ. ಇಲ್ಲಿನ ‘ಗುಡ್’ ಹೋಗುವವರಿಗೆ ಕೋರಿದ ಶುಭವಲ್ಲ, ಅವರು ಹೋದದ್ದರಿಂದ ಉಳಿದವರಿಗೆ ಸಿಕ್ಕ ನೆಮ್ಮದಿ. ನಮ್ಮಲ್ಲಿ ‘ಪೀಡೆ ತೊಲಗಿತು’, ‘ಹೋಗಿದ್ದೇ ಒಳ್ಳೇದಾಯ್ತು’ ಅನ್ನುತ್ತೇವಲ್ಲ, ಅದು. ಷೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಮೊರಾಕೊದ ರಾಜಕುಮಾರ ವರಪರೀಕ್ಷೆಯಲ್ಲಿ ತಪ್ಪು ಪೆಟ್ಟಿಗೆ ಆರಿಸಿ ಹೊರಟಾಗ ನಾಯಕಿ ಪೋರ್ಷಿಯಾ ‘ಜೆಂಟಲ್ ರಿಡನ್ಸ್’ ಎನ್ನುವುದೂ ಇದೇ ಧಾಟಿಯಲ್ಲಿ.

ತಂಡದ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಇದನ್ನು ಬರೆದದ್ದು ಗೆಳತಿ ಈಕ್ವೆಡಾರ್‌ಗೆ ಹೋಗಿಬಿಟ್ಟಾಗ. ಸಾಲುಗಳಲ್ಲಿ ಸಮಾಧಾನ ಕಾಯ್ದುಕೊಂಡು, ಸಿಟ್ಟನ್ನೆಲ್ಲ ಶೀರ್ಷಿಕೆಗೆ ಹಾಕಿದರು. 1994ರ ‘ಡೂಕಿ’ ಆಲ್ಬಮ್ಮಿನಲ್ಲಿ ಹಾಡಿಗೆ ಜಾಗ ಸಿಗಲಿಲ್ಲ, ಎಲ್ಲರಿಗೂ ತಲುಪಿದ್ದು 1997ರ ‘ನಿಮ್ರಾಡ್’ನಿಂದ. ಅಕೂಸ್ಟಿಕ್ ಗಿಟಾರ್, ದನಿ, ಪಿಟೀಲಿನ ಮೇಳ ಇಷ್ಟೇ, ಡ್ರಮ್ಸ್ ಇಲ್ಲ. ಜಿ ಕಾರ್ಡ್‌ನಿಂದ ಸಿ ಆಡ್ 9ಕ್ಕೆ (ಎರಡೂ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಹೋಗುವಾಗ ಉಂಗುರ ಬೆರಳು, ಕಿರುಬೆರಳು ಕೊನೆಯ ಎರಡು ತೆಳು ತಂತಿಗಳ 3ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಬಿಟ್ಟು ಕದಲುವುದಿಲ್ಲ. ಕೆಳಗಿನ ಸ್ವರ ಬದಲಾದರೂ ಮೇಲಿನ ಎರಡು ಸ್ವರ ಹಾಗೇ ಮೊಳಗುತ್ತಿರುವುದರಿಂದ ಕಿವಿಗೆ ಹಿತ. ಆ ಹಿತದಲ್ಲಿ ಸಿಟ್ಟು ಮರೆಯಾಗಿ, ಅಮೆರಿಕದ ಶಾಲೆ–ಕಾಲೇಜುಗಳಲ್ಲಿ ಬೀಳ್ಕೊಡುಗೆಯ ಹಾಡೇ ಆಗಿಹೋಯಿತು. ಆದರೆ ಧ್ವನಿಮುದ್ರಣದ ಮೊದಲಲ್ಲೇ ಗಿಟಾರ್ ಎರಡು ಸಲ ತಪ್ಪಿ, ಒಂದು ಬೈಗುಳ ಕೇಳಿಸುತ್ತದೆ. ಅದನ್ನು ಅಳಿಸದೆ ಉಳಿಸಿದ್ದಾರೆ. ಬರಹದಲ್ಲಿ ಇದನ್ನು ದಯವಿಟ್ಟು ಬಿಡಬೇಡಿ.

ಇನ್ನು ಆವರಣದ ಮಾತು. ‘ಟೈಮ್ ಆಫ್ ಯುವರ್ ಲೈಫ್’ ನುಡಿಗಟ್ಟು, ಹಿಂದೆಂದೂ ಕಾಣದಷ್ಟು ಖುಷಿ ಎಂದರ್ಥ. ‘ಬದುಕಿನ ಕಾಲ’ ಎಂದರೆ ಆಯಸ್ಸು ಅಂದುಕೊಳ್ಳುತ್ತಾರೆ. ಪಲ್ಲವಿಯ ‘ಐ ಹೋಪ್ ಯು ಹ್ಯಾಡ್ ದ ಟೈಮ್ ಆಫ್ ಯುವರ್ ಲೈಫ್’ ಸಾಲಿನಲ್ಲಿ ‘ಹೋಪ್’ ಕಂಡ ಕೂಡಲೇ ‘ಹಾರೈಸುತ್ತೇನೆ’ ಎಂದು ಬರೆಯುವವರೇ ಹೆಚ್ಚು. ಅಲ್ಲಿನ ‘ಹ್ಯಾಡ್’ ಕ್ರಿಯಾಪದ ಭೂತಕಾಲದ್ದು, ಹಾರೈಕೆಯೋ ಮುಂದಿನ ದಿನಗಳಿಗೆ ಸಲ್ಲುವಂಥದ್ದು. ‘ಖುಷಿಯಾಗಿಯೇ ಕಳೆದೆ ಅಂದುಕೊಂಡಿದ್ದೇನೆ’ ಎಂದರೆ ಸರಿಹೋಗುತ್ತದೆ. ಚುಚ್ಚುಮಾತೋ ಅಕ್ಕರೆಯೋ ಎಂಬ ಮೂಲದ ಇಬ್ಬಗೆಯೂ ಉಳಿಯುತ್ತದೆ.

ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟು, ಮೊದಲ ಸಲ ಬಂದಲ್ಲಿ ‘ತೊಲಗಿದ್ದೇ ಒಳ್ಳೇದಾಯ್ತು’ ಎಂದು ಅರ್ಥ ಕೊಡಿ. ‘ಪೀಡೆ’ ಗೆಳತಿಗೆ ಅಂಟಿಕೊಂಡರೆ ತೀರಾ ಒರಟಾಗುತ್ತದೆ.