ಸಹಾಯ ಬೇಕು: ಎಂಜಿಬಿ ಕಾರು ಎಡಕ್ಕೇ ಎಳೆಯುತ್ತಿದೆ

ನಮಸ್ಕಾರ. ಶಿರಸಿಯಲ್ಲಿದ್ದೇನೆ, ನನ್ನದು 1967ರ ಎಂಜಿಬಿ, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಸ್ಟೇರಿಂಗ್ ಸಡಿಲ ಬಿಟ್ಟರೆ ಸಾಕು, ಗಾಡಿ ಎಡಕ್ಕೆ ಎಳೆಯುತ್ತದೆ. ದೇವಿಮನೆ ಘಟ್ಟದಲ್ಲಂತೂ ಭಯವೇ ಆಗುತ್ತದೆ. ಎಡಗಡೆ ಮುಂದಿನ ಟಯರಿನ ಒಳಅಂಚು ಸವೆದು ನೂಲು ಕಾಣುತ್ತಿದೆ, ಹೊರಅಂಚು ಹೊಸದರಂತೇ ಇದೆ.

ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 1/16 ಇಂಚಿಗೆ ಸೆಟ್ ಮಾಡಿಸಿದೆ. ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಎರಡೂ ಟೈ ರಾಡ್ ಉದ್ದ ಸಮ ಇದೆ. ಟಯರ್ ಅದಲುಬದಲು ಮಾಡಿದೆ, ವಿಶ್‌ಬೋನ್ (ಚಕ್ರ ಹಿಡಿದಿಡುವ ತೋಳು) ಬುಷ್ ಹೊಸದು ಹಾಕಿಸಿದೆ. ಬ್ರೇಕೂ ಹಿಡಿದುಕೊಂಡಿಲ್ಲ. ಆದರೂ ಎಡ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದು ಬರಿಗಣ್ಣಿಗೇ ಕಾಣುತ್ತದೆ.

ಈ ಗಾಡಿಯಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವ ಕೋನ) ಸೆಟ್ ಮಾಡುವ ವ್ಯವಸ್ಥೆಯೇ ಇಲ್ಲ ಅಲ್ವಾ. ಮೆಕ್ಯಾನಿಕ್ ಆಫ್‌ಸೆಟ್ ಬುಷ್ (ತೂತು ನಡುವಿಗಿಲ್ಲದೆ ಪಕ್ಕಕ್ಕಿದ್ದು ಚಕ್ರದ ಕೋನ ಸ್ವಲ್ಪ ಬದಲಿಸುವಂಥದ್ದು) ಹಾಕೋಣ ಅನ್ನುತ್ತಾರೆ. ಕಾರಣ ಗೊತ್ತಾಗದೆ ಸುಮ್ನೆ ಹಾಕಿಸಲು ನನಗೆ ಮನಸ್ಸಿಲ್ಲ.

ಸ್ಪ್ರಿಂಗ್ ಕುಸಿದಿದೆಯೋ, ಕಿಂಗ್‌ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ) ಬಾಗಿದೆಯೋ, ಕ್ರಾಸ್‌ಮೆಂಬರ್‌ಗೇ (ಮುಂದಿನ ಸಸ್ಪೆನ್ಷನ್ ಕೂರುವ ಅಡ್ಡ ಚೌಕಟ್ಟು) ಪೆಟ್ಟು ಬಿದ್ದಿದೆಯೋ? ಎಲ್ಲ ಬಿಚ್ಚುವ ಮೊದಲು ಎಲ್ಲಿಂದ ಎಲ್ಲಿಗೆ ಅಳತೆ ಹಿಡಿದರೆ ಇದು ಗೊತ್ತಾಗುತ್ತದೆ?